ಬೀರುವಿನಷ್ಟು ದೊಡ್ಡ ಟೈಪ್‌ರೈಟರ್

ಪಿಂಗಾಣಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು ಮೊದಲು ಕಲಿಯುವ ಮಾತು 'ಜೋಪಾನ'. ಗಿರಾಕಿಗೆ ಬೆಲೆ ಹೇಳುವ ಮುಂಚೆ ಅದನ್ನು ಹೇಳಬೇಕು. ಉಳಿದ ಗುಮಾಸ್ತರು ಸಂಜೆ ಬೀಗ ಹಾಕುವಾಗ ಆ ಮಾತನ್ನೂ ಅಂಗಡಿಯೊಳಗೇ ಬಿಟ್ಟು ಹೋಗುತ್ತಿದ್ದರು. ನಮ್ಮವನು ಮಾತ್ರ ಅದನ್ನು ಮನೆಗೂ ಹೊತ್ತು ತಂದ. ಹಾಲಿನವನಿಗೆ ಜೋಪಾನ, ಮೆಟ್ಟಿಲಿಳಿಯುವ ಬೆಕ್ಕಿಗೆ ಜೋಪಾನ, ಗೋಡೆಗೆ ಮೊಳೆ ಹೊಡೆಯುವ ಬಡಗಿಗೆ ಗೋಡೆಯ ಪರವಾಗಿ ಒಂದು, ಮೊಳೆಯ ಪರವಾಗಿ ಇನ್ನೊಂದು ಜೋಪಾನ. ಬೀದಿಯವರು ಅವನಿಗೆ ಜೋಪಾನಪ್ಪ ಎಂದೇ ಹೆಸರಿಟ್ಟರು. ಹಾಗೆ ಕರೆದರೆ ಅವನೂ ಓಗೊಡುತ್ತಿದ್ದ.

ಇಂಥ ಜೋಪಾನಪ್ಪನ ಹೆಂಡತಿ ಹೊಟ್ಟೆಪಾಡಿಗೆ ಬೀಳುತ್ತಿದ್ದಳು.

ಹೌದು, ಬೀಳುವುದೇ ಅವಳ ಕೆಲಸ. ಏಣಿಯಿಂದ, ಕಿಟಕಿಯಿಂದ, ಓಡುವ ಸೈಕಲ್ಲಿನಿಂದ, ಒಮ್ಮೆ ನಿಂತಿದ್ದ ಕುದುರೆಯಿಂದ. ಊರಾಚೆ ಒಂದು ಸಿನಿಮಾ ಸ್ಟುಡಿಯೋ ಇತ್ತು. ಅಲ್ಲಿನ ನಗೆಚಿತ್ರಗಳ ನಾಯಕನನ್ನು ಜನ ನಗೆರಾಯ ಎಂದು ಕರೆಯುತ್ತಿದ್ದರು. ನಗೆರಾಯ ಬಿದ್ದರೆ ಥಿಯೇಟರಿನ ಕುರ್ಚಿಗಳೂ ನಗುತ್ತಿದ್ದವು. ಆದರೆ ನಗೆರಾಯ ಒಂದು ಸಲವೂ ಬಿದ್ದವನಲ್ಲ. ಅವನ ಅಂಗಿ, ಅವನ ಪ್ಯಾಂಟು, ಅವನ ಮೀಸೆ ತೊಟ್ಟು ಅವನ ಬದಲಿಗೆ ಬೀಳುತ್ತಿದ್ದವಳು ಜೋಪಾನಪ್ಪನ ಹೆಂಡತಿ. ಕಂಪನಿಗೆ ಇದು ಗುಟ್ಟು. ಜೋಪಾನಪ್ಪನಿಗೆ ಇದು ಗುಟ್ಟಿಗಿಂತ ಹೆಚ್ಚಾಗಿ ನಾಚಿಕೆ.

ಅವರಿಬ್ಬರ ಭೇಟಿಯಾದದ್ದೂ ಅವಳು ಬಿದ್ದದ್ದರಿಂದಲೇ. ಸಿನಿಮಾದಲ್ಲಿ ಒಡೆಯುವುದಕ್ಕೆಂದು ಅಗ್ಗದ ತಟ್ಟೆಗಳನ್ನು ಕೊಳ್ಳಲು ಅವಳು ಅಂಗಡಿಗೆ ಬಂದಿದ್ದಳು. ಆಗಷ್ಟೇ ಒರೆಸಿದ ನೆಲ. ತಟ್ಟೆಯ ಪೆಟ್ಟಿಗೆ ಹಿಡಿದು ತಿರುಗಿದವಳೇ ಜಾರಿದಳು. ಜೋಪಾನಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿದ. ತೆರೆದಾಗ ಅವಳು ಎದ್ದು ನಿಂತಿದ್ದಳು, ಪೆಟ್ಟಿಗೆ ಕೈಯಲ್ಲಿತ್ತು, ಒಂದು ತಟ್ಟೆಯೂ ಒಡೆದಿರಲಿಲ್ಲ. ಏನಾಯಿತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಮದುವೆಯಾಗಲು ಅಷ್ಟು ಸಾಕಾಯಿತು.

ಮದುವೆಯಾದ ಮೇಲೂ ಅವನ ಕಣ್ಣು ಮುಚ್ಚುವ ಅಭ್ಯಾಸ ಹೋಗಲಿಲ್ಲ. ಥಿಯೇಟರಿಗೆ ಹೋದರೆ ನಗೆರಾಯ ಏಣಿ ಮುಟ್ಟಿದ ಕೂಡಲೇ ಕಣ್ಣು ಮುಚ್ಚಿ, ಜನ ನಕ್ಕು ಸುಸ್ತಾದ ಮೇಲೆ ತೆರೆಯುತ್ತಿದ್ದ. ಹೆಂಡತಿ ಬೀಳುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಅವಳು ಹೊತ್ತು ಹುಟ್ಟುವ ಮುಂಚೆ ಸ್ಟುಡಿಯೋಗೆ ಹೊರಟರೆ ಇವನು ಕಿಟಕಿಯ ಪರದೆ ಎಳೆದು, ಏಪ್ರನ್ ಕಟ್ಟಿಕೊಂಡು, ಅಡುಗೆ ಮಾಡಿ, ಪಾತ್ರೆ ತೊಳೆದು, ಏಪ್ರನ್ ಬಿಚ್ಚಿ, ಪರದೆ ಸರಿಸಿ, ಗಂಡಸಾಗಿ ಅಂಗಡಿಗೆ ಹೋಗುತ್ತಿದ್ದ.

ಈ ಮನೆಗೆ ಬಾಡಿಗೆಗೆ ಬಂದ ದಿನವೇ ಎಡವಟ್ಟಾದದ್ದು. ಮನೆಯ ಒಡತಿ ಮೇಲಿನ ಮಾಳಿಗೆಯಲ್ಲಿದ್ದು ಇಡೀ ಬೀದಿಯ ಉಸ್ತುವಾರಿ ನೋಡುತ್ತಿದ್ದಳು. ಎಲ್ಲರಿಗೂ ಅವಳು ಮಾಳಿಗೆಯಮ್ಮ.

"ನಿನ್ ಹೆಂಡ್ತಿ ಏನಪ್ಪಾ ಮಾಡ್ತಾಳೆ?"

"ಸಿನಿಮಾ ಕಂಪನೀಲಿ ಕೆಲಸ ಅಮ್ಮಾ."

ಮಾಳಿಗೆಯಮ್ಮನ ಹುಬ್ಬು ಮೇಲೇರಿತು. ಜೋಪಾನಪ್ಪ ಆ ಹುಬ್ಬನ್ನು ಇಳಿಸಲು, "ಟೈಪಿಸ್ಟು" ಎಂದ. ಹುಬ್ಬು ಅರ್ಧ ಇಳಿದು ನಿಂತಿತು. "ಹೆಡ್ ಟೈಪಿಸ್ಟು" ಎಂದ ಮೇಲೆ ಪೂರ್ತಿ ಇಳಿಯಿತು.

ಒಳಗಿದ್ದ ಹೆಂಡತಿಗೆ ಇದೆಲ್ಲ ಕೇಳಿಸಿತ್ತು. "ಕಂಪನಿಯೋರು ಯಾರಿಗೂ ಹೇಳ್ಬೇಡಿ ಅಂದಿದಾರೆ ರೀ, ಅದು ಬೇರೆ ವಿಷಯ" ಎಂದಳು. "ಆದ್ರೆ ನಿಮಗೆ ಹೇಳ್ಬೇಕು ಅಂತ ಅನ್ನಿಸೋದೂ ಇಲ್ವಲ್ಲ, ಅದು ಬೇರೆ ವಿಷಯ."

ಜೋಪಾನಪ್ಪ ಉತ್ತರ ಹುಡುಕುತ್ತಾ ಒಂದು ಲೋಟ ಒರೆಸಿದ. ಲೋಟ ಫಳಫಳ ಹೊಳೆಯಿತು.

ಹೆಡ್ ಟೈಪಿಸ್ಟಿನ ಕಥೆ ಕೆಲ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನಗೆರಾಯನ ಹೊಸ ಚಿತ್ರ ಶುರುವಾಯಿತು. ಹೆಂಡತಿ ಆಫೀಸಿಗೆ ಹೋಗುತ್ತಾಳೆ, ಗಂಡ ಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಒದ್ದಾಡುತ್ತಾನೆ, ಅದೇ ಹಾಸ್ಯ. ಗಂಡಸು ಮನೆಗೆಲಸ ಮಾಡುತ್ತಾನೆ ಎಂದಮೇಲೆ ಬೀಳದೆ ಇರುತ್ತಾನೆಯೇ? ಪ್ರತಿ ದೃಶ್ಯದಲ್ಲೂ ಬಿದ್ದ. ಅಂದರೆ ಜೋಪಾನಪ್ಪನ ಹೆಂಡತಿ ಬಿದ್ದಳು. ಒಂದು ದಿನ ಅವಳು ರವಿಕೆಯ ತೋಳು ಮಡಚಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಮಾಳಿಗೆಯಮ್ಮನ ಕಣ್ಣಿಗೆ ಬಿತ್ತು: ಮೊಣಕೈಯ ಹತ್ತಿರ ಅಂಗೈಯಗಲದ ನೀಲಿ ಕಲೆ.

ಸಂಜೆ ಮೆಟ್ಟಿಲ ಬಳಿ ಜೋಪಾನಪ್ಪನನ್ನು ಹಿಡಿದು ನಿಲ್ಲಿಸಿದಳು. "ಏನಪ್ಪಾ, ನಿನ್ ಹೆಂಡ್ತಿ ಕೈಯೆಲ್ಲ ಕಂದಿದೆ?"

"ಕೆಲಸ ಜಾಸ್ತಿ ಅಮ್ಮಾ. ಟೈಪಿಂಗು."

"ಟೈಪ್ ಮಾಡಿದ್ರೆ ಬೆರಳು ನೋಯುತ್ತೆ. ಮೊಣಕೈ ಯಾಕೆ ನೋಯುತ್ತೆ?"

"ದೊಡ್ಡ ಟೈಪ್‌ರೈಟರ್ ಅಮ್ಮಾ. ಸಿನಿಮಾ ಕಂಪನೀದು."

"ಎಷ್ಟು ದೊಡ್ಡದು?"

ಜೋಪಾನಪ್ಪ ಸುತ್ತ ನೋಡಿದ. ತೆರೆದ ಬಾಗಿಲಿನಿಂದ ಮನೆಯೊಳಗಿನ ಬೀರು ಕಂಡಿತು. "ಬೀರುವಿನಷ್ಟು" ಎಂದ.

"ಭುಜದ ಮೇಲೂ ಇದೆ ಕಲೆ."

"ಮೇಲಿನ ಸಾಲಿನ ಅಕ್ಷರ ಒತ್ತೋವಾಗ ತಾಗುತ್ತೆ."

"ಮಂಡೀಲೂ ಇದೆ. ಕಾಲಲ್ಲೂ ಟೈಪ್ ಮಾಡ್ತಾಳೇನಪ್ಪಾ?"

ಜೋಪಾನಪ್ಪ, "ಜೋಪಾನ, ಮೆಟ್ಟಿಲು" ಎಂದು ಹೇಳಿ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡ. ಒಬ್ಬ ಮನುಷ್ಯ ತನ್ನ ವಿರುದ್ಧ ತಾನೇ ಇದಕ್ಕಿಂತ ಚೆನ್ನಾಗಿ ಸಾಕ್ಷಿ ಹೇಳಿಕೊಳ್ಳಲಾರ.

ವಾರದೊಳಗೆ ಬೀದಿಯ ನಡವಳಿಕೆಯೇ ಬದಲಾಯಿತು. ಬೇಕರಿಯ ಸಾಲಿನಲ್ಲಿ ಹೆಂಗಸರು ಅವನಿಗೆ ಬೆನ್ನು ತಿರುಗಿಸಿದರು, ಗಂಡಸರು ದಾರಿ ಬಿಟ್ಟರು. ಕ್ಷೌರಿಕ ಕಾಯಿಸದೆ ಕುರ್ಚಿ ಕೊಟ್ಟು, ನಡುಗುವ ಕೈಯಲ್ಲಿ ಗಡ್ಡ ಹೆರೆದು, "ನೋಡೋಕೆ ಹೀಗಿದ್ರೂ ಸಾರ್ ಭಾರಿ ಆಸಾಮಿ" ಎಂದು ಪಕ್ಕದವನ ಕಿವಿಯಲ್ಲಿ ಉಸುರಿದ. ಹಾಲಿನವನು ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಹಾಲನ್ನೇ ಕೊಟ್ಟ. ಹೆಡ್ ಟೈಪಿಸ್ಟಿನ ಗಂಡನಿಗೆ ಸಲ್ಲುವ ಮರ್ಯಾದೆ ಇದು ಎಂದು ಜೋಪಾನಪ್ಪ ಹಿಗ್ಗಿದ. ಮರ್ಯಾದೆಗೆ ತಕ್ಕಂತೆ ಇರಬೇಕಲ್ಲ ಎಂದು ಎದೆಯುಬ್ಬಿಸಿ, ಧಪಧಪ ಹೆಜ್ಜೆ ಹಾಕಿ, ಹುಬ್ಬು ಗಂಟಿಕ್ಕಿ ನಡೆಯತೊಡಗಿದ. ಬೀದಿಗೆ ಉಳಿದಿದ್ದ ಒಂದಿಷ್ಟು ಅನುಮಾನವೂ ಪರಿಹಾರವಾಯಿತು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಉತ್ಸಾಹದಿಂದ ಮನೆಗೆ ಬಂದಳು. "ನಾಳೆ ದೊಡ್ಡದು ರೀ. ಕೈತುಂಬ ತಟ್ಟೆ ಹಿಡ್ಕೊಂಡು ಇಡೀ ಮೆಟ್ಟಿಲು ಬೀಳ್ಬೇಕು. ಒಂದೇ ಸಲ. ತಪ್ಪಿದ್ರೆ ಇನ್ನೊಂದ್ ಸಲಕ್ಕೆ ತಟ್ಟೆ ಇಲ್ಲ. ನೀವ್ ಒಂದ್ ಸಲ ಬಂದು ನೋಡ್ಬಾರ್ದಾ?"

ಆ ತಟ್ಟೆಗಳು ಅವನ ಅಂಗಡಿಯವೇ. ಒಡೆಯುವುದಕ್ಕೇ ಹೋಗುವ ತಟ್ಟೆಗಳೆಂದು ಗೊತ್ತಿದ್ದೂ ಒಂದೊಂದಕ್ಕೂ ಒಣಹುಲ್ಲು ಸುತ್ತಿ ಕಳಿಸಿದ್ದ. "ನನಗೆ ಅಂಗಡಿ ಇದೆಯಲ್ಲೇ" ಎಂದು ಮುಖ ತಿರುಗಿಸಿದ.

ಮರುದಿನ ಬೆಳಿಗ್ಗೆ ಅವನು ಪರದೆ ಎಳೆದು ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎದುರಿಗೆ ಅವನ ಅತ್ತೆ, ಪಕ್ಕದಲ್ಲಿ ಮಾಳಿಗೆಯಮ್ಮ, ಹಿಂದೆ ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್, ಎಲ್ಲರಿಗಿಂತ ಮುಂದೆ ಪೊಲೀಸ್ ಸಮವಸ್ತ್ರದ ಒಬ್ಬ ಹೆಂಗಸು. ಸ್ಟೇಷನ್ ಮಾಸ್ಟರಿಗೆ ಮನೆಯ ಒಳಗಿನದಕ್ಕಿಂತ ರಸ್ತೆಯ ಕಡೆಗೇ ಗಮನವಿತ್ತು.

"ಇನ್‌ಸ್ಪೆಕ್ಟರ್ ಯಾವಾಗ ಬರ್ತಾರಮ್ಮ?" ಎಂದು ಆ ಸಮವಸ್ತ್ರದವಳನ್ನು ಕೇಳಿದರು.

"ಬಂದಾಯ್ತು" ಎಂದಳು ಅವಳು.

ಅತ್ತೆ ಮಾತು ಶುರುಮಾಡಿದರು. "ಅಳಿಯಂದಿರೇ, ನನ್ ಮಗಳು ಚಿಕ್ಕೋಳಿದ್ದಾಗ ಗೋಡೆ ಹತ್ತಿ ಬಿದ್ಲು, ಮರ ಹತ್ತಿ ಬಿದ್ಲು, ಒಂದ್ ಗಾಯ ಮಾಡ್ಕೊಂಡೋಳಲ್ಲ! ನಿಮ್ಮನೆಗೆ ಬಂದ್ಮೇಲೆ ಮೈಯೆಲ್ಲ ನೀಲಿ ಅಂತೆ. ಇವತ್ತೇ ಅವಳನ್ನ ನಮ್ಮನೆಗೆ ಕರ್ಕೊಂಡ್ ಹೋಗ್ತೀನಿ. ಇನ್ನ ನೀವ್ ಅವಳ ಮುಖ ನೋಡೋ ಹಾಗಿಲ್ಲ."

ಜೋಪಾನಪ್ಪನಿಗೆ ಬೇಕರಿಯ ಸಾಲು, ಕ್ಷೌರಿಕನ ನಡುಗುವ ಕೈ, ನೀರಿಲ್ಲದ ಹಾಲು ಎಲ್ಲ ಒಟ್ಟಿಗೆ ಅರ್ಥವಾದವು. ಒಂದು ತಟ್ಟೆಯನ್ನೂ ಕೈಜಾರಿಸದ ತನ್ನನ್ನು ಇವರು ಏನೆಂದು ತಿಳಿದುಬಿಟ್ಟಿದ್ದಾರೆ! ಅವಳು ಹೊರಟುಹೋದರೆ? ಈ ಮನೆಯಲ್ಲಿ ಯಾರಿಗಾಗಿ ಪರದೆ ಎಳೆಯುವುದು?

"ಹೇಳಿ" ಎಂದಳು ಇನ್‌ಸ್ಪೆಕ್ಟರ್. "ಆ ಕಲೆ ಹೇಗಾಯ್ತು?"

"ಟೈಪ್‌ರೈಟರ್ ಮೇಡಂ. ಬೀರು..."

"ನಾನು ಪೊಲೀಸ್ ಆಗೋಕ್ ಮುಂಚೆ ಟೈಪಿಸ್ಟ್ ಆಗಿದ್ದೆ."

ಜೋಪಾನಪ್ಪ ಏಪ್ರನ್ನಿಗೆ ಕೈ ಒರೆಸಿಕೊಂಡ. ನಿಜ ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳೇ ಹೋಗುತ್ತಾಳೆ. "ಅವಳು ಬೀಳ್ತಾಳೆ ಮೇಡಂ!" ಎಂದು ಕೂಗಿದ.

"ಹೊಡೆಯೋರೆಲ್ಲ ಹೇಳೋದೇ ಇದು" ಎಂದರು ಸ್ಟೇಷನ್ ಮಾಸ್ಟರ್.

"ಹೆಂಡ್ತಿ ತಾನಾಗೇ ಬಿದ್ಲು ಅಂತ ಹೇಳದೇ ಇರೋ ಗಂಡನ್ನ ನಾನಿನ್ನೂ ನೋಡಿಲ್ಲ" ಎಂದಳು ಇನ್‌ಸ್ಪೆಕ್ಟರ್.

"ಅಯ್ಯೋ ಹಾಗಲ್ಲ! ಸಂಬಳಕ್ಕೆ ಬೀಳ್ತಾಳೆ! ಮೀಸೆ ಹಾಕ್ಕೊಂಡು ಬೀಳ್ತಾಳೆ!"

ಮಾಳಿಗೆಯಮ್ಮ ಅಡುಗೆಮನೆಯನ್ನೂ, ಸಾಲಾಗಿ ಒಣಗಲು ನಿಂತ ಪಾತ್ರೆಗಳನ್ನೂ, ಅವನ ಏಪ್ರನ್ನನ್ನೂ ನೋಡಿದಳು. "ಅಲ್ಲಾ, ಹೆಂಡ್ತಿಗೆ ಹೊಡೆಯೋನು ಪಾತ್ರೆ ತೊಳೀತಾನಾ?" ಎಂದು ಮೆಲ್ಲಗೆ ಕೇಳಿದಳು.

"ಸಾಕ್ಷಿ ತೊಳೀತಿದಾನೆ" ಎಂದರು ಸ್ಟೇಷನ್ ಮಾಸ್ಟರ್.

ಇನ್‌ಸ್ಪೆಕ್ಟರ್ ಜೀಪಿನ ಕಡೆ ಕೈ ತೋರಿಸಿದಳು. "ನಡೀರಿ ಸ್ಟುಡಿಯೋಗೆ. ಬೀಳೋದನ್ನ ನೋಡೇಬಿಡೋಣ. ಬೀಳ್ಲಿಲ್ಲ ಅಂದ್ರೆ ಅಲ್ಲಿಂದ ನೇರ ಠಾಣೆಗೆ."

ಏಪ್ರನ್ ಬಿಚ್ಚಲೂ ಬಿಡಲಿಲ್ಲ. ಯಾವ ಏಪ್ರನ್ನನ್ನು ಇಷ್ಟು ವರ್ಷ ಪರದೆಯ ಹಿಂದೆ ಮುಚ್ಚಿಟ್ಟಿದ್ದನೋ ಅದನ್ನು ಕಟ್ಟಿಕೊಂಡೇ ಇಡೀ ಬೀದಿಯ ಮುಂದೆ ಜೀಪು ಹತ್ತಿದ. ದಾರಿಯಲ್ಲಿ ಡ್ರೈವರಿಗೆ "ಜೋಪಾನ" ಎನ್ನಲು ಹೋಗಿ ಇನ್‌ಸ್ಪೆಕ್ಟರ್ ಮುಖ ನೋಡಿ ಅರ್ಧಕ್ಕೇ ನುಂಗಿದ. ಸ್ಟುಡಿಯೋದ ಗೇಟಿನವನು ಪೊಲೀಸರನ್ನು ತಡೆದು, ಇವನ ಏಪ್ರನ್ ನೋಡಿ, "ಆರ್ಟಿಸ್ಟಾ? ಮೊದ್ಲೇ ಹೇಳ್ಬಾರ್ದಾ? ಬೇಗ ಹೋಗಿ, ಶುರುವಾಗ್ತಿದೆ" ಎಂದು ಎಲ್ಲರನ್ನೂ ಒಳಗೆ ಬಿಟ್ಟ.

ಒಳಗೆ ಗೋಡೌನಿನಂಥ ದೊಡ್ಡ ಕೋಣೆ. ಅದರ ನಡುವೆ, ಮೂರೇ ಗೋಡೆಗಳ ಒಂದು ಮನೆ. ಮನೆಯ ಮಧ್ಯದಲ್ಲಿ ಎತ್ತರದ ಮರದ ಮೆಟ್ಟಿಲು. ದೀಪಗಳು ಉರಿಯುತ್ತಿದ್ದವು, ಒಂದು ಕೆಮ್ಮೂ ಕೇಳುತ್ತಿರಲಿಲ್ಲ. ಒಂದು ಮೂಲೆಯಲ್ಲಿ ನಗೆರಾಯ, ಅದೇ ಏಪ್ರನ್, ಅದೇ ಮೀಸೆ, ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಮೆಟ್ಟಿಲ ತುದಿಯಲ್ಲಿ ಇನ್ನೊಬ್ಬ ನಗೆರಾಯ ಮೂಗಿನ ಮಟ್ಟದವರೆಗೆ ಪೇರಿಸಿದ ತಟ್ಟೆಗಳನ್ನು ಹಿಡಿದು ನಿಂತಿದ್ದ.

"ಇಬ್ಬರಿದಾರಲ್ಲ!" ಎಂದು ಮಾಳಿಗೆಯಮ್ಮ ಪಿಸುಗುಟ್ಟಿದಳು. "ಇವರಲ್ಲಿ ನಿನ್ ಹೆಂಡ್ತಿ ಎಲ್ಲಪ್ಪಾ?"

ಮೇಲೆ ನಿಂತಿದ್ದವನು ಎಡಗಾಲಿನ ಹೆಬ್ಬೆರಳಿನಿಂದ ಮೊದಲ ಮೆಟ್ಟಿಲನ್ನು ಮುಟ್ಟಿ, ಒತ್ತಿ ನೋಡಿದ. ಜೋಪಾನಪ್ಪ ಆ ಕಾಲನ್ನೇ ನೋಡಿದ. ಪ್ರತಿ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅವಳು ಹೊಸ್ತಿಲಾಚೆಯ ಮೆಟ್ಟಿಲನ್ನು ಹಾಗೇ ಮುಟ್ಟುತ್ತಿದ್ದಳು.

"ಅವಳೇ" ಎಂದ.

ಗಂಟಲಿನ ತನಕ 'ಜೋಪಾನ' ಬಂದಿತ್ತು. ಅದನ್ನು ಕೂಗಿಬಿಟ್ಟರೆ ಅವಳು ತಿರುಗುತ್ತಾಳೆ, ಲೆಕ್ಕ ತಪ್ಪುತ್ತದೆ, ಆಮೇಲೆ ಏನಾಗುತ್ತದೋ ದೇವರೇ ಬಲ್ಲ. ಜೋಪಾನಪ್ಪ ಏಪ್ರನ್ನಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡ. ಎರಡೂ ಕೈಗಳು ಬಾಯಿಗೇ ಬೇಕಾದ್ದರಿಂದ ಕಣ್ಣು ಮುಚ್ಚಿಕೊಳ್ಳಲು ಕೈ ಉಳಿಯಲಿಲ್ಲ. ರೆಪ್ಪೆಗಳಿಗೂ ಅವತ್ತು ಏನಾಯಿತೋ, ಮುಚ್ಚಲಿಲ್ಲ.

ಅವಳು ಬಿದ್ದಳು.

ಮೊದಲು ಕಾಲು ಜಾರಿತು. ತಟ್ಟೆಗಳು ಕೈ ಬಿಟ್ಟು ಮೇಲಕ್ಕೆ ಹೋದವು, ಅವಳು ಕೆಳಕ್ಕೆ ಬಂದಳು. ಆದರೆ ಬೀಳುವುದೆಂದರೆ ಇಷ್ಟು ನಿಧಾನವೇ? ಜೋಪಾನಪ್ಪನಿಗೆ ಎಲ್ಲವೂ ಬಿಡಿಬಿಡಿಯಾಗಿ ಕಂಡಿತು. ಒಂದು ಮೆಟ್ಟಿಲಿಗೆ ಮೊಣಕೈ ಕೊಟ್ಟು ತಲೆ ಉಳಿಸಿದಳು. ಮುಂದಿನದಕ್ಕೆ ಭುಜ ಕೊಟ್ಟು ಬೆನ್ನು ಉಳಿಸಿದಳು. ಅದರ ಮುಂದಿನದಕ್ಕೆ ಮಂಡಿ. ಮಾಳಿಗೆಯಮ್ಮ ಕಂಡಿದ್ದ ಒಂದೊಂದು ಕಲೆಗೂ ಒಂದೊಂದು ಮೆಟ್ಟಿಲಿತ್ತು. ಸುತ್ತ ತಟ್ಟೆಗಳು ಸಿಡಿದು ಚೂರಾಗುತ್ತಿದ್ದವು. ಅವನು ಕೈಯಾರೆ ಹುಲ್ಲು ಸುತ್ತಿದ್ದ ತಟ್ಟೆಗಳು. ಅವುಗಳ ಸದ್ದು ಇಷ್ಟು ವರ್ಷ ಕನಸಿನಲ್ಲೂ ಅವನನ್ನು ಬೆಚ್ಚಿಬೀಳಿಸುತ್ತಿತ್ತು, ಈಗ ಕಿವಿಗೇ ಬೀಳಲಿಲ್ಲ. ಕೊನೆಯ ಮೆಟ್ಟಿಲಿಗೆ ಒಂದು ಪಲ್ಟಿ ಹೊಡೆದು, ನೆಲದ ಮೇಲೆ ಕಾಲು ಚಾಚಿ ಕೂತು, ಬಲಗೈ ಚಾಚಿದಳು. ಮೇಲಕ್ಕೆ ಹೋಗಿದ್ದ ಕೊನೆಯ ತಟ್ಟೆ ನಿಧಾನವಾಗಿ ಬಂದು ಅವಳ ಅಂಗೈಯಲ್ಲಿ ಕೂತಿತು. ಅವಳು ಅದನ್ನು ಏಪ್ರನ್ನಿನಿಂದ ಒರೆಸಿ ನೆಲದ ಮೇಲಿಟ್ಟಳು.

ಜೋಪಾನಪ್ಪನಿಗೆ ಹೆದರಿಕೆಯಾಗಲಿಲ್ಲ. ಅದೇ ಅವನಿಗೆ ಆಶ್ಚರ್ಯ. ತಾನು ಬೆಕ್ಕಿಗೂ ಮೊಳೆಗೂ ಬಾಯಿಮಾತಿನಲ್ಲಿ ಹಂಚುತ್ತಿದ್ದ ಜೋಪಾನವನ್ನು ಇವಳು ಮೈಯೆಲ್ಲ ತುಂಬಿಕೊಂಡಿದ್ದಳು. ಇಂಥವಳನ್ನು ಟೈಪಿಸ್ಟ್ ಎಂದು ಬಚ್ಚಿಟ್ಟೆನಲ್ಲ ಎಂದು ನಾಚಿಕೆಯಾಯಿತು, ಅದರ ಮೇಲೆ ಹೆಮ್ಮೆ ಉಕ್ಕಿ ಬಂತು, ಎರಡೂ ಸೇರಿ ಕಣ್ಣಿಂದ ಹರಿದವು. ಬಾಯಲ್ಲಿ ಏಪ್ರನ್ ಇದ್ದುದರಿಂದ ಅಳು ಮಾತ್ರ ಹೊರಗೆ ಕೇಳಿಸಲಿಲ್ಲ.

"ಕಟ್" ಎಂದ ನಿರ್ದೇಶಕ. ಅವಳು ಮೀಸೆ ಕಿತ್ತು, ಕೈಕಾಲು ಕೊಡವಿ ಎದ್ದು ನಿಂತಾಗ ಇನ್‌ಸ್ಪೆಕ್ಟರ್ ಟಕ್ಕನೆ ಸೆಲ್ಯೂಟ್ ಹೊಡೆದಳು. ಸ್ಟೇಷನ್ ಮಾಸ್ಟರ್ ಟೋಪಿ ತೆಗೆದರು. ಮಾಳಿಗೆಯಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡು, "ನನ್ ತಾಯೀ, ಇನ್ನೊಂದ್ ಸಲ ಬೀಳೇ!" ಎಂದಳು. ಅತ್ತೆ ಮಗಳನ್ನು ತಬ್ಬಿ ಅತ್ತು, ಹಾಗೇ ಅವಳ ಬೆನ್ನಿಗೆ ಒಂದು ಗುದ್ದಿ, "ಇದಕ್ಕೆ ಸಂಬಳ ಬೇರೆ ಕೊಡ್ತಾರಾ? ಚಿಕ್ಕೋಳಿದ್ದಾಗ ನಾನ್ ಬೈದಿದ್ದೆಲ್ಲ ದಂಡ ಆಯ್ತಲ್ಲೇ!" ಎಂದರು.

ಹೆಂಡತಿ ಮಾತ್ರ ಗಂಡನನ್ನೇ ನೋಡುತ್ತಿದ್ದಳು. "ಕಣ್ಣು ಬಿಟ್ಟಿದ್ರಾ?"

ಅವನು ಬಾಯಿಂದ ಏಪ್ರನ್ ತೆಗೆದು ಹೂಂ ಎಂದ.

ನಿರ್ದೇಶಕನಿಗೆ ಆಗ ಎಚ್ಚರವಾಯಿತು. ಹೊರಗಿನವರು! ಅದೂ ಪೊಲೀಸರು! "ಯಾರ್ರೀ ಇವರನ್ನ ಒಳಗೆ ಬಿಟ್ಟೋರು? ನಗೆರಾಯರು ಬೀಳಲ್ಲ ಅಂತ ಹೊರಗೆ ಗೊತ್ತಾದ್ರೆ ಚಿತ್ರ ಮುಳುಗುತ್ತೆ. ಇವತ್ತಿಂದ ಈಕೆಗೆ ಕೆಲಸ ಇಲ್ಲ!"

ಎಲ್ಲರೂ ನಗೆರಾಯನ ಕಡೆ ತಿರುಗಿದರು. ಆ ಮಹಾನಟ ಕುರ್ಚಿಯಿಂದ ಏಳಲು ಒಬ್ಬರ ಕೈ ಹಿಡಿದ. "ಇವರಿಲ್ಲದಿದ್ರೆ ನಾನೇ ಬೀಳ್ಬೇಕಾಗುತ್ತಲ್ರೀ" ಎಂದು ಹೇಳಿದ. "ಇವರು ಬೀಳುವಾಗ ನೋಡೋ ಧೈರ್ಯವೂ ನನಗಿಲ್ಲ. ಯಾವಾಗ್ಲೂ ಕಣ್ಣು ಮುಚ್ಕೋತೀನಿ." ಜೋಪಾನಪ್ಪ ಹೋಗಿ ಅವನ ಕೈ ಕುಲುಕಿದ. ಇಬ್ಬರು ಏಪ್ರನ್ನಿನ ಗಂಡಸರು ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡರು.

ಕೊನೆಗೆ ಒಪ್ಪಂದವಾಯಿತು. ಅವಳ ಕೆಲಸ ಉಳಿಯಬೇಕಾದರೆ ಬೀದಿಯವರು ಯಾರೂ ಬಾಯಿ ಬಿಡಬಾರದು. ಅಲ್ಲಿದ್ದವರು ಅಲ್ಲೇ ಆಣೆಯಿಟ್ಟರು, ವಿಷಯ ತಿಳಿದ ಬೀದಿಯವರೆಲ್ಲ ಸಂಜೆ ಆಣೆಯಿಟ್ಟರು. ಇನ್‌ಸ್ಪೆಕ್ಟರ್ ತನ್ನ ವರದಿಗೆ ಏನು ಬರೆಯುವುದೆಂದು ಸ್ವಲ್ಪ ಹೊತ್ತು ಯೋಚಿಸಿ, 'ವಿಚಾರಣೆ ನಡೆಸಲಾಯಿತು. ಟೈಪ್‌ರೈಟರ್ ಬಹಳ ದೊಡ್ಡದು' ಎಂದು ಬರೆದಳು.

ಅಂದಿನಿಂದ ಜೋಪಾನಪ್ಪ ಪರದೆ ಸರಿಸಿಯೇ ಪಾತ್ರೆ ತೊಳೆಯತೊಡಗಿದ. ಆದರೆ ಅವನ ನಿಜವಾದ ಕಷ್ಟ ಆಗಲೇ ಶುರುವಾದದ್ದು. ಮೊದಲು ಹೇಳುವ ಮನಸ್ಸೇ ಇರಲಿಲ್ಲ, ಈಗ ಹೇಳದಿದ್ದರೆ ಎದೆ ಒಡೆಯುವಷ್ಟು ಮನಸ್ಸಿದೆ, ಹೇಳುವಂತಿಲ್ಲ. ಮೂಲೆಮನೆಗೆ ಹೊಸದಾಗಿ ಬಂದವರು, "ನಿಮ್ಮ ಹೆಂಡ್ತಿ ಏನ್ಮಾಡ್ತಾರೆ?" ಎಂದು ಕೇಳಿದರು. ಅವನ ಬಾಯಿ ತೆರೆಯಿತು, ಮುಚ್ಚಿತು, ಮುಖ ಕೆಂಪಾಯಿತು. ಮೇಲಿನಿಂದ ಮಾಳಿಗೆಯಮ್ಮನೇ ಉತ್ತರ ಕೊಟ್ಟಳು: "ಹೆಡ್ ಟೈಪಿಸ್ಟು! ಬೀರುವಿನಷ್ಟು ದೊಡ್ಡ ಮೆಷೀನು! ನಾವೆಲ್ಲ ಕಣ್ಣಾರೆ ನೋಡಿದೀವಿ!"

ಚಿತ್ರ ಬಿಡುಗಡೆಯಾದಾಗ ಬೀದಿಯವರೆಲ್ಲ ಮ್ಯಾಟಿನಿಗೆ ಹೋಗಿ ಒಂದು ಸಾಲು ಪೂರ್ತಿ ಹಿಡಿದರು. ಹೆಂಡತಿ ಅಂದು ಬೆಳಿಗ್ಗೆಯೂ ಎಲ್ಲಿಂದಲೋ ಬಿದ್ದು ಬಂದಿದ್ದಳು. ದೀಪ ಆರಿದ್ದೇ ತಡ, ಗಂಡನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಮೆಟ್ಟಿಲಿನ ದೃಶ್ಯ ಬಂತು. ಏಪ್ರನ್ನಿನ ಗಂಡ ತಟ್ಟೆ ಹಿಡಿದು ಹೆಜ್ಜೆಯಿಟ್ಟ, ಜಾರಿದ, ಥಿಯೇಟರ್ ಬಿರಿಯುವಂತೆ ಜನ ನಕ್ಕರು. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ತೊಡೆ ತಟ್ಟಿಕೊಂಡು, "ಹೆಂಗಸು ಕೆಲಸಕ್ಕೆ ಹೋಗಿ ಗಂಡಸು ಅಡುಗೆಮನೆಗೆ ಹೋದ್ರೆ ಇದೇ ಗತಿ ನೋಡಿ!" ಎಂದು ಕೂಗಿದ.

ಬೀದಿಯವರ ಸಾಲಿನಲ್ಲಿ ಮಾತ್ರ ಒಬ್ಬರೂ ನಗಲಿಲ್ಲ. ಸ್ಟೇಷನ್ ಮಾಸ್ಟರ್ ಟೋಪಿ ತೆಗೆದಿದ್ದರು. ಮಾಳಿಗೆಯಮ್ಮ ಉಸಿರು ಬಿಗಿಹಿಡಿದಿದ್ದಳು. ಕೊನೆಯ ತಟ್ಟೆ ಅಂಗೈಗೆ ಬಂದು ಕೂತಾಗ ಇಡೀ ಸಾಲು ಎದ್ದು ನಿಂತಿತು. ಜೋಪಾನಪ್ಪ ಒಬ್ಬ ಏಳಲಿಲ್ಲ, ಭುಜ ಅಲ್ಲಾಡಿಸುವ ಹಾಗಿರಲಿಲ್ಲ.

ದಪ್ಪ ಮನುಷ್ಯ ಕಣ್ಣೊರೆಸಿಕೊಳ್ಳುತ್ತಾ ಹಿಂದೆ ತಿರುಗಿ ನೋಡಿದ. "ಯಾಕ್ರೀ, ನಿಮ್ಮ ಸಾಲಿನೋರಿಗೆ ನಗು ಬರಲ್ವಾ? ಅವನು ಬಿದ್ದಿದ್ದು ನೋಡ್ಲಿಲ್ವಾ?"

ಜೋಪಾನಪ್ಪನ ಬಾಯಿಗೆ ಎಲ್ಲವೂ ಬಂತು. ಬೀದಿಯವರೆಲ್ಲ ಗಾಬರಿಯಿಂದ ಅವನ ಮುಖ ನೋಡಿದರು. ಅವನು ಎಲ್ಲವನ್ನೂ ನುಂಗಿ, ಭುಜದ ಮೇಲಿದ್ದ ತಲೆಗೆ ಕೈ ಆಸರೆ ಕೊಟ್ಟು, ಮುಂದಕ್ಕೆ ಬಾಗದೆ, ಪಿಸುಮಾತಿನಲ್ಲಿ ಹೇಳಿದ:

"ನೋಡಿದೆ ಸ್ವಾಮಿ. ಸ್ವಲ್ಪ ಮೆಲ್ಲಗೆ ನಗಿ. ಬಿದ್ದೋರು ಮಲಗಿದಾರೆ."